ಚಿತ್ರಕಲಾವಿದ ಕೆ.ಕೆ. ಹೆಬ್ಬಾರ್ (1911–1996): ಜೀವನ ಪರಿಚಯ ಮತ್ತು ಸ್ವತಂತ್ರ ಕಲಾವಿದರಿಗೆ ಮಾಹಿತಿ

ಪೀಠಿಕೆ

ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಸುರೇಬಾನ ಹಾಗೂ ನೆರೆಯ ಸವದತ್ತಿ, ಬೈಲಹೊಂಗಲ, ಕಿತ್ತೂರು ಭಾಗಗಳಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದ ಯುವಕ ಯುವತಿಯರು ಅನೇಕರಿದ್ದಾರೆ. ಇವರಲ್ಲಿ ಕೆಲವರು ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರಾಗಿದ್ದಾರೆ. ಇನ್ನು ಕೆಲವರು ಫಲಕ ಬರೆಯುವುದು, ಗೋಡೆಯ ಮೇಲೆ ಜಾಹೀರಾತು ಬರೆಯುವುದು, ಗಣೇಶ ಮೂರ್ತಿಗೆ ಬಣ್ಣ ಹಚ್ಚುವುದು ಮುಂತಾದ ಕೆಲಸಗಳಿಂದ ಜೀವನ ಸಾಗಿಸುತ್ತ, ಬಿಡುವಿನ ವೇಳೆಯಲ್ಲಿ ತಮ್ಮದೇ ಚಿತ್ರಗಳನ್ನು ರಚಿಸುತ್ತಾರೆ. ಪ್ರದರ್ಶನಕ್ಕೆ ಧನಸಹಾಯ ಕೋರಿ ಅರ್ಜಿ ಸಲ್ಲಿಸುವ ಇಂತಹ ಕಲಾವಿದರ ಮನಸ್ಸಿನಲ್ಲಿ ಸಹಜವಾಗಿಯೇ ಎರಡು ಪ್ರಶ್ನೆಗಳು ಏಳುತ್ತವೆ. ಸಂಬಳವಿಲ್ಲದೆ, ಚಿತ್ರ ಮಾರಿ ಬದುಕಲು ಸಾಧ್ಯವೆ ಎಂಬುದು ಮೊದಲನೆಯದು. ದೊಡ್ಡ ಊರಿನ ಕಲಾ ಗ್ಯಾಲರಿಯ ಬಾಗಿಲು ಹಳ್ಳಿಯಿಂದ ಬಂದವರಿಗೆ ತೆರೆಯುತ್ತದೆಯೆ ಎಂಬುದು ಎರಡನೆಯದು.

ಈ ಎರಡೂ ಪ್ರಶ್ನೆಗಳನ್ನು ತಮ್ಮ ಬದುಕಿನಲ್ಲಿಯೇ ಎದುರಿಸಿ ಉತ್ತರ ಕಂಡುಕೊಂಡ ಕನ್ನಡಿಗರು ಶ್ರೀ ಕೆ.ಕೆ. ಹೆಬ್ಬಾರ್ ಅವರು. ಉಡುಪಿಯ ಸಮೀಪದ ಹಳ್ಳಿಯೊಂದರಲ್ಲಿ ಹುಟ್ಟಿ, ಮುಂಬಯಿಯಲ್ಲಿ ನೆಲೆಸಿ, ಭಾರತದ ಆಧುನಿಕ ಚಿತ್ರಕಲೆಯ ಪ್ರಮುಖರಲ್ಲಿ ಒಬ್ಬರಾಗಿ ಬೆಳೆದ ಅವರ ಜೀವನ ಚರಿತ್ರೆಯನ್ನು ಅರ್ಜಿದಾರರ ಹಾಗೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ಸಂಗ್ರಹವಾಗಿ ನೀಡಲಾಗಿದೆ. ಕಲಾಕೃತಿಗಳ ಮಾರಾಟಕ್ಕೆ ಸಂಬಂಧಿಸಿದ ಕೆಲವು ಉಪಯುಕ್ತ ಅಂಶಗಳನ್ನು ಕೊನೆಯಲ್ಲಿ ಸೇರಿಸಲಾಗಿದೆ.

ಜನನ ಮತ್ತು ಬಾಲ್ಯ

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು 1911ರ ಜೂನ್ 15ರಂದು ಉಡುಪಿಯ ಬಳಿಯ ಕಟ್ಟಿಂಗೇರಿ ಗ್ರಾಮದಲ್ಲಿ ಜನಿಸಿದರು. ಆಗ ಈ ಪ್ರದೇಶವು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ತಂದೆ ನಾರಾಯಣ ಹೆಬ್ಬಾರರು ಮಣ್ಣಿನಲ್ಲಿ ಗಣೇಶನ ಮೂರ್ತಿಗಳನ್ನು ಮಾಡಬಲ್ಲವರಾಗಿದ್ದರು. ಕೈಯಲ್ಲಿ ಮಣ್ಣು ಹಿಡಿದು ಆಕಾರ ಕೊಡುವ ಕೆಲಸವನ್ನು ಬಾಲಕ ಕೃಷ್ಣನು ಮನೆಯಲ್ಲಿಯೇ ಕಂಡನು.

ಕರಾವಳಿಯ ಹಳ್ಳಿಯ ಬದುಕು ಅವರ ಕಣ್ಣಿಗೆ ಮೊದಲ ಪಾಠಶಾಲೆಯಾಯಿತು. ರಾತ್ರಿಯೆಲ್ಲ ನಡೆಯುವ ಯಕ್ಷಗಾನ ಬಯಲಾಟ, ದೀಟಿಗೆಯ ಬೆಳಕಿನಲ್ಲಿ ಹೊಳೆಯುವ ವೇಷಗಳ ಕೆಂಪು ಮತ್ತು ಹಳದಿ, ಭೂತದ ಕೋಲದ ಕುಣಿತ, ದೇವಸ್ಥಾನದ ರಥೋತ್ಸವ, ಮಳೆಗಾಲದ ಗದ್ದೆಯಲ್ಲಿ ಬಾಗಿ ನಾಟಿ ಮಾಡುವ ಹೆಂಗಸರ ಸಾಲು ಇವೆಲ್ಲವೂ ಮುಂದೆ ಅವರ ಚಿತ್ರಗಳಲ್ಲಿ ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಂಡವು. ಅವರ ಚಿತ್ರಗಳಲ್ಲಿ ಎದ್ದು ಕಾಣುವ ಲಯದ ಮೂಲವನ್ನು ಈ ಬಾಲ್ಯದ ಅನುಭವಗಳಲ್ಲಿ ಹುಡುಕಬಹುದಾಗಿದೆ.

ಮೈಸೂರಿನಿಂದ ಮುಂಬಯಿಗೆ

ಕಲೆಯನ್ನು ಕ್ರಮಬದ್ಧವಾಗಿ ಕಲಿಯುವ ಉದ್ದೇಶದಿಂದ ಹೆಬ್ಬಾರರು ಮೊದಲಿಗೆ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯನ್ನು ಸೇರಿದರು. ಅಲ್ಲಿ ಸ್ವಲ್ಪ ಕಾಲ ಮಾತ್ರ ಇದ್ದು, ನಂತರ ಮುಂಬಯಿಗೆ ತೆರಳಿದರು. ಮುಂಬಯಿಯಲ್ಲಿ ದಂಡಾವತಿಮಠ ಅವರು ನಡೆಸುತ್ತಿದ್ದ ನೂತನ ಕಲಾ ಮಂದಿರದಲ್ಲಿ ಅಭ್ಯಾಸ ಮಾಡಿ, 1938ರಲ್ಲಿ ಸರ್ ಜೆ.ಜೆ. ಕಲಾಶಾಲೆಯ ಡಿಪ್ಲೊಮಾ ಪಡೆದರು.

ಆ ಕಾಲದಲ್ಲಿ ಮುಂಬಯಿಗೂ ಈ ಭಾಗಕ್ಕೂ ಇದ್ದ ಸಂಬಂಧವನ್ನು ಇಲ್ಲಿ ನೆನೆಯಬೇಕು. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ರಾಮದುರ್ಗವು 1948ರವರೆಗೆ ಸಂಸ್ಥಾನವಾಗಿದ್ದು, ನಂತರ ಮುಂಬಯಿ ರಾಜ್ಯದಲ್ಲಿ ವಿಲೀನಗೊಂಡಿತು. 1956ರ ನವೆಂಬರ್ 1ರಂದು ಈ ಪ್ರದೇಶಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅಲ್ಲಿಯವರೆಗೆ ಚಿತ್ರಕಲೆ ಕಲಿಯಬೇಕೆಂಬ ಉತ್ತರ ಕರ್ನಾಟಕದ ಹುಡುಗರ ದೃಷ್ಟಿ ಮುಂಬಯಿಯ ಕಡೆಗೇ ಇರುತ್ತಿತ್ತು. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ಗದಗದಲ್ಲಿ ಟಿ.ಪಿ. ಅಕ್ಕಿಯವರು, ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರು ಕಲಾಶಿಕ್ಷಣ ನೀಡಿ ಅನೇಕ ವಿದ್ಯಾರ್ಥಿಗಳನ್ನು ತಯಾರು ಮಾಡಿದರು. ಆದರೆ ಕಲಿತ ಮೇಲೆ ಚಿತ್ರಗಳನ್ನು ತೋರಿಸುವ ಜಾಗ, ಕೊಳ್ಳುವ ಜನ ಇವೆರಡೂ ಮುಂಬಯಿಯಲ್ಲಿಯೇ ಹೆಚ್ಚಾಗಿದ್ದವು.

ಅಧ್ಯಾಪಕ ವೃತ್ತಿ ಮತ್ತು ಸ್ವಂತ ಶೈಲಿಯ ಹುಡುಕಾಟ

1940ರಿಂದ 1945ರವರೆಗೆ ಹೆಬ್ಬಾರರು ಸರ್ ಜೆ.ಜೆ. ಕಲಾಶಾಲೆಯಲ್ಲಿ ಅಧ್ಯಾಪಕರಾಗಿ ಸೇವೆ ಸಲ್ಲಿಸಿದರು. ಶಾಲೆಯಲ್ಲಿ ಕಲಿಸುತ್ತಿದ್ದುದು ಪಾಶ್ಚಾತ್ಯ ಮಾದರಿಯ ವಾಸ್ತವಿಕ ಚಿತ್ರಣ. ವಸ್ತುವನ್ನು ಕಂಡಂತೆಯೇ, ನೆರಳು ಬೆಳಕಿನ ಲೆಕ್ಕ ತಪ್ಪದಂತೆ ಬಿಡಿಸುವ ಈ ವಿದ್ಯೆಯಲ್ಲಿ ಅವರು ಪರಿಣತರಾಗಿದ್ದರು. ಆದರೂ ಇದು ತಮ್ಮ ನೆಲದ ಭಾಷೆಯಲ್ಲವೆಂಬ ಅಸಮಾಧಾನ ಅವರನ್ನು ಕಾಡುತ್ತಿತ್ತು.

ಈ ಅವಧಿಯಲ್ಲಿ ಅವರು ಅಮೃತಾ ಶೇರ್‌ಗಿಲ್ ಅವರ ಚಿತ್ರಗಳಿಂದ ಪ್ರಭಾವಿತರಾದರು. ಜೈನ ಹಸ್ತಪ್ರತಿಗಳ ಚಿತ್ರಗಳು, ರಜಪೂತ ಹಾಗೂ ಮೊಗಲ್ ಕಿರುಚಿತ್ರಗಳು, ಅಜಂತಾ ಗುಹೆಗಳ ಭಿತ್ತಿಚಿತ್ರಗಳು ಇವುಗಳನ್ನು ಗಮನವಿಟ್ಟು ಅಭ್ಯಾಸ ಮಾಡಿದರು. ಕೇರಳದಲ್ಲಿ ಪ್ರವಾಸ ಮಾಡಿ, ಅಲ್ಲಿನ ಹಳ್ಳಿಯ ಜನರನ್ನೂ ಭೂದೃಶ್ಯಗಳನ್ನೂ ಚಿತ್ರಿಸಿದರು. ಈ ಚಿತ್ರಗಳಲ್ಲಿ ರೂಪಗಳು ಸರಳವಾದವು, ಬಣ್ಣಗಳು ಗಾಢವಾದವು, ರೇಖೆಗೆ ಪ್ರಾಧಾನ್ಯ ದೊರೆಯಿತು. ಕಲಾವಲಯದಲ್ಲಿ ಹೆಬ್ಬಾರ್ ಎಂಬ ಹೆಸರು ಗುರುತಿಸಲ್ಪಟ್ಟದ್ದು ಈ ಕಾಲದಿಂದಲೇ.

ಸಂಬಳದ ಆಸರೆ ಬಿಟ್ಟು

1940ರ ದಶಕದ ಮಧ್ಯದಲ್ಲಿ ಹೆಬ್ಬಾರರು ಅಧ್ಯಾಪಕ ವೃತ್ತಿಯನ್ನು ಬಿಟ್ಟು ಸ್ವತಂತ್ರ ಕಲಾವಿದರಾದರು. ಅವರ ಜೀವನದಲ್ಲಿ ಇದು ಬಹಳ ಮಹತ್ವದ ನಿರ್ಧಾರ. ಇದರ ತೂಕ ತಿಳಿಯಬೇಕಾದರೆ ಅಂದಿನ ಪರಿಸ್ಥಿತಿಯನ್ನು ಅರಿಯಬೇಕು.

ಅದಕ್ಕೆ ಮುಂಚೆ ನಮ್ಮ ದೇಶದಲ್ಲಿ ಚಿತ್ರಕಾರನಿಗೆ ಅನ್ನ ನೀಡುತ್ತಿದ್ದುದು ಅರಮನೆ, ದೇವಸ್ಥಾನ ಮತ್ತು ಮಠ. ಮೈಸೂರಿನ ಕೆ. ವೆಂಕಟಪ್ಪನವರಂತಹ ಶ್ರೇಷ್ಠ ಕಲಾವಿದರು ಅರಮನೆಯ ಆಶ್ರಯದಲ್ಲಿ ಬೆಳೆದವರು. ಅರಮನೆಗಳ ಕಾಲ ಮುಗಿಯುತ್ತ ಬಂದಂತೆ ಚಿತ್ರಕಾರನ ಮುಂದೆ ಮೂರು ದಾರಿಗಳು ಉಳಿದವು. ಶಿಕ್ಷಕನಾಗುವುದು, ಜಾಹೀರಾತು ಮತ್ತು ಸಿನಿಮಾ ಕಂಪನಿಗಳಿಗೆ ಕೆಲಸ ಮಾಡುವುದು, ಇಲ್ಲವೆ ತಾನು ರಚಿಸಿದ ಚಿತ್ರವನ್ನು ಅಪರಿಚಿತರಿಗೆ ಮಾರಿ ಬದುಕುವುದು. ಮೂರನೆಯ ದಾರಿ ಎಲ್ಲಕ್ಕಿಂತ ಕಷ್ಟದ್ದು. ಏಕೆಂದರೆ ಇಲ್ಲಿ ಖರ್ಚು ಮೊದಲು ಬರುತ್ತದೆ, ವರಮಾನ ಬಂದರೆ ಆಮೇಲೆ ಬರುತ್ತದೆ. ಬಣ್ಣ, ಕ್ಯಾನ್ವಾಸ್, ಚೌಕಟ್ಟು, ಸಾಗಾಣಿಕೆ, ಸಭಾಂಗಣದ ಬಾಡಿಗೆ, ಆಹ್ವಾನ ಪತ್ರಿಕೆಯ ಮುದ್ರಣ ಇವೆಲ್ಲಕ್ಕೂ ಕಲಾವಿದನೇ ಹಣ ಹೂಡಬೇಕು. ಪ್ರದರ್ಶನ ಮುಗಿದಾಗ ಚಿತ್ರಗಳು ಮಾರಾಟವಾಗದೆ ಮನೆಗೆ ಮರಳಿದರೆ ಹೂಡಿದ ಹಣ ಗೋಡೆಗೆ ಒರಗಿ ನಿಂತಂತೆ.

ಆಗಿನ ಮುಂಬಯಿಯಲ್ಲಿ ಚಿತ್ರ ಪ್ರದರ್ಶನಕ್ಕೆಂದೇ ಕಟ್ಟಿದ ಶಾಶ್ವತ ಕಟ್ಟಡ ಇರಲಿಲ್ಲ. 1888ರಲ್ಲಿ ಸ್ಥಾಪನೆಯಾದ ಬಾಂಬೆ ಆರ್ಟ್ ಸೊಸೈಟಿಯ ವಾರ್ಷಿಕ ಪ್ರದರ್ಶನವೇ ಕಲಾವಿದರಿಗೆ ದೊಡ್ಡ ಅವಕಾಶ. ಉಳಿದಂತೆ ಸಾರ್ವಜನಿಕ ಸಭಾಭವನ, ಹೋಟೆಲಿನ ಹಜಾರ, ಸಂಘ ಸಂಸ್ಥೆಗಳ ಕೊಠಡಿ ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಚಿತ್ರಗಳನ್ನು ತೂಗುಹಾಕಬೇಕಾಗಿತ್ತು. ಕೊಳ್ಳುವವರ ಸಂಖ್ಯೆಯೂ ಕಡಿಮೆ. ಯುರೋಪಿನಿಂದ ಬಂದು ಮುಂಬಯಿಯಲ್ಲಿ ನೆಲೆಸಿದ್ದ ರುಡಾಲ್ಫ್ ವಾನ್ ಲೇಡನ್, ವಾಲ್ಟರ್ ಲ್ಯಾಂಗ್‌ಹ್ಯಾಮರ್, ಇಮ್ಯಾನ್ಯುಯೆಲ್ ಶ್ಲೆಸಿಂಜರ್ ಮೊದಲಾದ ಕಲಾಪ್ರೇಮಿಗಳು ಮತ್ತು ಕೆಲವು ಪಾರ್ಸಿ ಕುಟುಂಬಗಳು ಯುವ ಕಲಾವಿದರಿಗೆ ಪ್ರೋತ್ಸಾಹ ನೀಡುತ್ತಿದ್ದರು.

ಚೌಕಟ್ಟು ಮಾಡುವ ಅಂಗಡಿಯ ಕಿಟಕಿಯೂ ಆ ದಿನಗಳಲ್ಲಿ ಗ್ಯಾಲರಿಯ ಕೆಲಸ ಮಾಡಿದ್ದು ಗಮನಾರ್ಹ. ಕೇಕೂ ಗಾಂಧಿಯವರು 1941ರಲ್ಲಿ ಕೆಮೋಲ್ಡ್ ಎಂಬ ಚೌಕಟ್ಟಿನ ಉದ್ಯಮವನ್ನು ಆರಂಭಿಸಿದ್ದರು. ಅವರ ಅಂಗಡಿಯ ಪ್ರದರ್ಶನ ಕಿಟಕಿಯಲ್ಲಿ ಹೆಬ್ಬಾರ್, ಕೆ.ಎಚ್. ಆರಾ, ಎಸ್.ಎಚ್. ರಝಾ, ಎಂ.ಎಫ್. ಹುಸೇನ್ ಮುಂತಾದವರ ಚಿತ್ರಗಳನ್ನು ಇಡಲಾಗುತ್ತಿತ್ತು. ದಾರಿಹೋಕರು ಚೌಕಟ್ಟು ನೋಡಲು ನಿಂತು ಚಿತ್ರವನ್ನೂ ನೋಡುತ್ತಿದ್ದರು. ಮುಂದೆ 1963ರಲ್ಲಿ ಇದೇ ಸಂಸ್ಥೆಯಿಂದ ಗ್ಯಾಲರಿ ಕೆಮೋಲ್ಡ್ ಹುಟ್ಟಿತು.

1947ರಲ್ಲಿ ಮುಂಬಯಿಯಲ್ಲಿ ಪ್ರಗತಿಶೀಲ ಕಲಾವಿದರ ಗುಂಪು ರಚನೆಯಾದಾಗ ಹೆಬ್ಬಾರರು ಅದರ ಸದಸ್ಯರಾಗಲಿಲ್ಲ. ಗುಂಪಿನ ಕಲಾವಿದರೊಡನೆ ಒಡನಾಟವಿದ್ದರೂ ತಮ್ಮ ದಾರಿಯಲ್ಲಿ ತಾವು ನಡೆದರು.

ಪ್ಯಾರಿಸ್‌ನಲ್ಲಿ ಅಭ್ಯಾಸ

1949–50ರಲ್ಲಿ ಹೆಬ್ಬಾರರು ಪ್ಯಾರಿಸ್ ನಗರದ ಅಕಾಡೆಮಿ ಜೂಲಿಯಾದಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದರು. ಮುದ್ರಣ ಕಲೆಯಲ್ಲಿಯೂ ತರಬೇತಿ ಪಡೆದರು. ಯುರೋಪಿನ ವಸ್ತುಸಂಗ್ರಹಾಲಯಗಳನ್ನು ಸಂದರ್ಶಿಸಿ ಅಲ್ಲಿನ ಹಳೆಯ ಹಾಗೂ ಹೊಸ ಕಲಾಕೃತಿಗಳನ್ನು ನೋಡಿದರು. ಅದೇ ಪೀಳಿಗೆಯ ಕೆಲವು ಭಾರತೀಯ ಕಲಾವಿದರು ಯುರೋಪಿನಲ್ಲಿಯೇ ನೆಲೆಸಿದರು. ಹೆಬ್ಬಾರರು ಮುಂಬಯಿಗೆ ಮರಳಿದರು. ಮರಳಿ ಬಂದ ಮೇಲೆ ಅವರ ಗಮನವು ತಮ್ಮ ಸ್ವಂತ ಕೆಲಸದ ಜೊತೆಗೆ ಕಲಾವಿದರೆಲ್ಲರಿಗೂ ಬೇಕಾಗಿದ್ದ ಒಂದು ಕಟ್ಟಡದ ಕಡೆಗೂ ಹರಿಯಿತು.

ಜಹಾಂಗೀರ್ ಕಲಾ ಗ್ಯಾಲರಿಯ ಸ್ಥಾಪನೆ

ಮುಂಬಯಿಯ ಕಾಲಾ ಘೋಡಾ ಪ್ರದೇಶದಲ್ಲಿ, ಆಗಿನ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದ ಆವರಣದಲ್ಲಿ, 1952ರಲ್ಲಿ ಜಹಾಂಗೀರ್ ಕಲಾ ಗ್ಯಾಲರಿ ಆರಂಭವಾಯಿತು. ಇದರ ವೆಚ್ಚವನ್ನು ಭರಿಸಿದವರು ಸರ್ ಕಾವಸ್‌ಜಿ ಜಹಾಂಗೀರ್ ಅವರು. ತೀರಿಕೊಂಡ ತಮ್ಮ ಮಗ ಜಹಾಂಗೀರನ ನೆನಪಿಗಾಗಿ ಅವರು ಈ ಕೊಡುಗೆಯನ್ನು ನೀಡಿದರು. ಕಟ್ಟಡದ ವಿನ್ಯಾಸ ದುರ್ಗಾ ಬಾಜಪೇಯಿ ಅವರದು. ದಾನಿಗಳ ಮನವೊಲಿಸಿ ಈ ಕಾರ್ಯಕ್ಕೆ ಒತ್ತಾಸೆಯಾಗಿ ನಿಂತವರಲ್ಲಿ ಇಬ್ಬರ ಹೆಸರು ಮುಖ್ಯವಾಗಿ ಬರುತ್ತದೆ. ಒಬ್ಬರು ವಿಜ್ಞಾನಿ ಹೋಮಿ ಭಾಭಾ, ಮತ್ತೊಬ್ಬರು ಕೆ.ಕೆ. ಹೆಬ್ಬಾರ್.

ಸ್ವತಃ ಚಿತ್ರಗಳನ್ನು ಮಾರಿ ಬದುಕಬೇಕಾಗಿದ್ದ ಕಲಾವಿದರೊಬ್ಬರು, ತಮ್ಮ ಚಿತ್ರಕ್ಕೆ ಒಬ್ಬ ಗಿರಾಕಿಯನ್ನು ಹುಡುಕುವ ಬದಲು, ಎಲ್ಲ ಕಲಾವಿದರ ಚಿತ್ರಗಳಿಗೂ ಒಂದು ಗೋಡೆ ಬೇಕೆಂದು ಕೇಳಿದ್ದು ಇಲ್ಲಿಯ ವಿಶೇಷ. ದಾನಿಗಳ ಹಣ ಒಂದೆರಡು ಚಿತ್ರಗಳ ಖರೀದಿಗೆ ವಿನಿಯೋಗವಾಗಿದ್ದರೆ ಒಂದೆರಡು ಮನೆಗಳು ಮಾತ್ರ ಕೆಲವು ತಿಂಗಳು ನಡೆಯುತ್ತಿದ್ದವು. ಕಟ್ಟಡಕ್ಕೆ ವಿನಿಯೋಗವಾದ ಕಾರಣ ಏಳು ದಶಕಗಳ ನಂತರವೂ ದೇಶದ ಎಲ್ಲ ಭಾಗಗಳ ಕಲಾವಿದರು ಅದರ ಉಪಯೋಗ ಪಡೆಯುತ್ತಿದ್ದಾರೆ.

ಈ ಗ್ಯಾಲರಿಯ ಕಾರ್ಯವಿಧಾನವು ಸ್ವತಂತ್ರ ಕಲಾವಿದರಿಗೆ ಅನುಕೂಲವಾಗಿದೆ. ಕಲಾವಿದನು ಅರ್ಜಿ ಮತ್ತು ಕೃತಿಗಳ ಮಾದರಿಗಳನ್ನು ಸಲ್ಲಿಸಬೇಕು. ಆಯ್ಕೆಯಾದರೆ ನಿಗದಿತ ಬಾಡಿಗೆ ನೀಡಿ ಸಭಾಂಗಣವನ್ನು ಪಡೆಯಬಹುದು. ಚಿತ್ರದ ಬೆಲೆಯನ್ನು ಕಲಾವಿದನೇ ನಿರ್ಧರಿಸಿ, ಗೋಡೆಯ ಪಕ್ಕದಲ್ಲಿ ತಾನೇ ನಿಂತು, ಬಂದವರೊಡನೆ ತಾನೇ ಮಾತನಾಡುತ್ತಾನೆ. ಪ್ರವೇಶ ಉಚಿತವಾದ್ದರಿಂದ ಕಲಾಪ್ರೇಮಿಗಳ ಜೊತೆಗೆ ಕಚೇರಿಯ ನೌಕರರು, ವಿದ್ಯಾರ್ಥಿಗಳು, ಪ್ರವಾಸಿಗರು ಎಲ್ಲರೂ ಒಳಗೆ ಬರುತ್ತಾರೆ. ಈ ಸಭಾಂಗಣಗಳಿಗೆ ಬೇಡಿಕೆ ಬಹಳವಾಗಿರುವುದರಿಂದ ಕಲಾವಿದರು ಹಲವು ವರ್ಷ ಸರದಿಯಲ್ಲಿ ಕಾಯಬೇಕಾಗುತ್ತದೆ.

ಹೋಮಿ ಭಾಭಾ ಅವರು ತಾವು ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸಮಕಾಲೀನ ಭಾರತೀಯ ಕಲಾವಿದರ ಕೃತಿಗಳನ್ನು ಖರೀದಿಸಿದರು. ಏರ್ ಇಂಡಿಯಾ ಸಂಸ್ಥೆಯೂ ದೊಡ್ಡ ಕಲಾಸಂಗ್ರಹವನ್ನು ಬೆಳೆಸಿತು. ಈ ಎರಡೂ ಸಂಗ್ರಹಗಳಲ್ಲಿ ಹೆಬ್ಬಾರರ ಕೃತಿಗಳು ಸೇರಿವೆ. ಅರಮನೆಗಳು ಹಿಂದೆ ಸರಿದ ಮೇಲೆ ವಿಜ್ಞಾನ ಸಂಸ್ಥೆ, ವಿಮಾನ ಸಂಸ್ಥೆ ಮತ್ತು ಕಂಪನಿಗಳು ಕಲಾವಿದರ ಹೊಸ ಆಶ್ರಯದಾತರಾದುದನ್ನು ಇದರಿಂದ ತಿಳಿಯಬಹುದು. ಇವರ ಕಣ್ಣಿಗೆ ಚಿತ್ರ ಬೀಳುವಂತೆ ಮಾಡಿದ್ದು ಗ್ಯಾಲರಿಯ ಗೋಡೆ.

ಕಲಾಸಾಧನೆ

ಹೆಬ್ಬಾರರು ಸುಮಾರು ಆರು ದಶಕಗಳ ಕಾಲ ನಿರಂತರವಾಗಿ ಚಿತ್ರ ರಚಿಸಿದರು. ಒಂದು ಶೈಲಿಯ ಚಿತ್ರಗಳಿಗೆ ಬೇಡಿಕೆ ಬಂದ ಕೂಡಲೇ ಅದನ್ನೇ ಮತ್ತೆ ಮತ್ತೆ ರಚಿಸುವ ಆಸೆ ಕಲಾವಿದರಿಗೆ ಸಹಜ. ಕೊಳ್ಳುವವರೂ ಅದನ್ನೇ ಕೇಳುತ್ತಾರೆ. ಹೆಬ್ಬಾರರು ಈ ಸೆಳೆತಕ್ಕೆ ಒಳಗಾಗಲಿಲ್ಲ. ಕೇರಳದ ದೃಶ್ಯಗಳಿಂದ ಪ್ರಸಿದ್ಧರಾದ ಮೇಲೆ ಅವುಗಳನ್ನು ಬಿಟ್ಟು ಮುಂದೆ ನಡೆದರು. ಹಳ್ಳಿಯ ದುಡಿಮೆ, ಜಾತ್ರೆ, ನೃತ್ಯ, ಸಂಗೀತ, ಹಸಿವು, ಯುದ್ಧ, ನಿರಾಶ್ರಿತರ ಬವಣೆ, ಮಾನವನ ಚಂದ್ರಯಾನ ಹೀಗೆ ಅವರ ವಸ್ತುಗಳು ಬದಲಾಗುತ್ತ ಹೋದವು. 1952ರಲ್ಲಿ ರಚಿತವಾದ ಹಸಿದ ಆತ್ಮ ಎಂಬ ಅರ್ಥದ ಹೆಸರಿನ ಅವರ ಕೃತಿಯು ಪ್ರಸಿದ್ಧವಾದುದು. ಕೊನೆಯ ವರ್ಷಗಳಲ್ಲಿ ಆಕೃತಿಗಳು ಕರಗಿ ಬಣ್ಣ ಮತ್ತು ಬೆಳಕಿನ ಅಮೂರ್ತ ರಚನೆಗಳು ಅವರ ಕುಂಚದಿಂದ ಮೂಡಿದವು.

ಅವರ ರೇಖಾಚಿತ್ರಗಳು ತೈಲವರ್ಣದ ಚಿತ್ರಗಳಷ್ಟೇ ಹೆಸರು ಪಡೆದಿವೆ. ಕೈಯೆತ್ತದೆ ಎಳೆದಂತೆ ತೋರುವ ಒಂದೆರಡು ಗೆರೆಗಳಲ್ಲಿ ನರ್ತಕಿಯ ಭಂಗಿಯನ್ನು, ಡೋಲು ಬಡಿಯುವವನ ತೋಳಿನ ಬೀಸನ್ನು ಹಿಡಿದಿಡುವ ಶಕ್ತಿ ಅವರಿಗಿತ್ತು. ಈ ಲಯವನ್ನು ಒಳಗಿನಿಂದ ಅರಿಯುವ ಸಲುವಾಗಿ ಅವರು ಪಂಡಿತ ಸುಂದರ್ ಪ್ರಸಾದ್ ಅವರಲ್ಲಿ ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ಅವರ ರೇಖಾಚಿತ್ರಗಳ ಸಂಗ್ರಹವು ಹಾಡುವ ರೇಖೆ ಎಂಬ ಅರ್ಥದ ಶೀರ್ಷಿಕೆಯಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗಿದೆ. ದೊಡ್ಡ ಚಿತ್ರವನ್ನು ಕೊಳ್ಳಲಾಗದ ಸಾಮಾನ್ಯ ಓದುಗರ ಮನೆಗೂ ಇಂತಹ ಪುಸ್ತಕಗಳ ಮೂಲಕ ಅವರ ಕಲೆ ತಲುಪಿತು.

ವೆನಿಸ್, ಸಾವೊ ಪಾಲೊ, ಟೋಕಿಯೊ ಮುಂತಾದ ಕಡೆಗಳ ಅಂತರರಾಷ್ಟ್ರೀಯ ಪ್ರದರ್ಶನಗಳಲ್ಲಿ ಅವರ ಚಿತ್ರಗಳು ಪಾಲ್ಗೊಂಡವು. ನವದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರ ಕೃತಿಗಳಿವೆ.

ಗೌರವ ಮತ್ತು ಪ್ರಶಸ್ತಿಗಳು

1950ರ ದಶಕದಲ್ಲಿ ಕೇಂದ್ರ ಲಲಿತಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರಶಸ್ತಿಗಳು ಹೆಬ್ಬಾರರಿಗೆ ದೊರೆತವು. ಭಾರತ ಸರ್ಕಾರವು 1961ರಲ್ಲಿ ಪದ್ಮಶ್ರೀ ಹಾಗೂ 1989ರಲ್ಲಿ ಪದ್ಮಭೂಷಣ ನೀಡಿ ಗೌರವಿಸಿತು. ಮೈಸೂರು ವಿಶ್ವವಿದ್ಯಾಲಯವು 1976ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಕರ್ನಾಟಕ ಸರ್ಕಾರವು ವರ್ಣಶಿಲ್ಪಿ ಕೆ. ವೆಂಕಟಪ್ಪನವರ ಹೆಸರಿನಲ್ಲಿ ಸ್ಥಾಪಿಸಿದ ಪ್ರಶಸ್ತಿಯೂ ಅವರಿಗೆ ಸಂದಿದೆ. ಅರಮನೆಯ ಆಶ್ರಯದಲ್ಲಿ ಬೆಳೆದ ಕಲಾವಿದರ ಹೆಸರಿನ ಗೌರವವು, ಸಾರ್ವಜನಿಕರಿಗೆ ಚಿತ್ರ ಮಾರಿ ಬದುಕಿದ ಕಲಾವಿದರಿಗೆ ಸಂದದ್ದು ಅರ್ಥಪೂರ್ಣವಾಗಿದೆ.

ತವರು ನಾಡಿಗೆ ಕೊಡುಗೆ

ಮುಂಬಯಿಯಲ್ಲಿ ನೆಲೆಸಿದರೂ ಹೆಬ್ಬಾರರು ಕನ್ನಡ ನಾಡಿನ ಸಂಬಂಧವನ್ನು ಉಳಿಸಿಕೊಂಡಿದ್ದರು. ಡಾ. ಶಿವರಾಮ ಕಾರಂತರೊಡನೆ ಅವರಿಗೆ ದೀರ್ಘಕಾಲದ ಸ್ನೇಹವಿತ್ತು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಅವರು ತಮ್ಮ ಕೃತಿಗಳನ್ನೂ, ತಮ್ಮ ಸಂಗ್ರಹದಲ್ಲಿದ್ದ ಇತರ ಕಲಾವಿದರ ಕೃತಿಗಳನ್ನೂ ಕೊಡುಗೆಯಾಗಿ ನೀಡಿದರು. ಪರಿಷತ್ತಿನಲ್ಲಿ ಅವರ ಹೆಸರಿನ ಗ್ಯಾಲರಿ ಇದೆ.

ಈ ಕೊಡುಗೆಯ ಬೆಲೆಯನ್ನು ಇಂದಿನ ಮಾರುಕಟ್ಟೆಯ ಲೆಕ್ಕದಲ್ಲಿ ನೋಡಿದರೆ ಅದರ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ. ಅವರು ವೃತ್ತಿ ಆರಂಭಿಸಿದ ಕಾಲದಲ್ಲಿ ಭಾರತೀಯ ಕಲಾವಿದರ ಚಿತ್ರಗಳು ನೂರರ ಲೆಕ್ಕದ ರೂಪಾಯಿಗಳಿಗೆ ಮಾರಾಟವಾಗುತ್ತಿದ್ದವು. ಅವರ ನಿಧನಾನಂತರ ಹರಾಜುಗಳಲ್ಲಿ ಅವರ ಕೆಲವು ಚಿತ್ರಗಳು ಕೋಟಿ ರೂಪಾಯಿಯನ್ನು ಮೀರಿವೆ. ಮಾರಬಹುದಾಗಿದ್ದುದನ್ನು ಮಾರದೆ ಸಾರ್ವಜನಿಕರ ವೀಕ್ಷಣೆಗೆ ಕೊಟ್ಟದ್ದರಿಂದ, ಚಿತ್ರವನ್ನು ಎಂದೂ ಕೊಳ್ಳಲಾಗದ ವಿದ್ಯಾರ್ಥಿಯೂ ಅದರ ಮುಂದೆ ನಿಂತು ಕಲಿಯುವ ಅವಕಾಶ ಉಂಟಾಯಿತು.

ನಿಧನ

ಹೆಬ್ಬಾರರು 1996ರ ಮಾರ್ಚ್ 26ರಂದು ಮುಂಬಯಿಯಲ್ಲಿ ನಿಧನರಾದರು. ಆಗ ಅವರಿಗೆ 84 ವರ್ಷ. ಅವರ ಹೆಸರಿನ ಪ್ರತಿಷ್ಠಾನವು ಯುವ ಕಲಾವಿದರಿಗೆ ಪ್ರೋತ್ಸಾಹ ನೀಡುವ ಕಾರ್ಯವನ್ನು ಕೈಗೊಂಡಿತು. 2011ರಲ್ಲಿ ಅವರ ಜನ್ಮಶತಮಾನೋತ್ಸವದ ವರ್ಷ ಬಂದಿತು.

ಈ ಜೀವನದಿಂದ ತಿಳಿಯುವ ಅಂಶ

ಹೆಬ್ಬಾರರ ಪ್ರತಿಭೆ ಎಲ್ಲರಿಗೂ ದೊರೆಯುವಂತಹದಲ್ಲ. ಆದರೆ ಅವರು ನಡೆದ ಕ್ರಮವನ್ನು ಯಾರು ಬೇಕಾದರೂ ಅನುಸರಿಸಬಹುದು. ಮೊದಲು ವಿದ್ಯೆಯನ್ನು ಪೂರ್ತಿಯಾಗಿ ಕಲಿತರು. ಐದು ವರ್ಷ ಸಂಬಳದ ಕೆಲಸದಲ್ಲಿದ್ದುಕೊಂಡೇ ಸ್ವಂತ ಶೈಲಿಯನ್ನು ರೂಢಿಸಿಕೊಂಡರು. ಹೆಸರು ನಿಂತ ಮೇಲೆ ನೌಕರಿಯನ್ನು ಬಿಟ್ಟರು. ಪ್ರದರ್ಶನವನ್ನು ಕೆಲಸದ ಒಂದು ಭಾಗವೆಂದೇ ತಿಳಿದು ಕೊನೆಯವರೆಗೆ ನಡೆಸಿಕೊಂಡು ಬಂದರು. ಗೋಡೆ ಇಲ್ಲದ ಕಡೆ ಗೋಡೆ ಕಟ್ಟಿಸಲು ಶ್ರಮಿಸಿದರು.

ಚಿತ್ರವನ್ನು ಮಾರಾಟಕ್ಕೆ ಇಡುವುದು ಕಲೆಗೆ ಕುಂದು ಎಂಬ ಸಂಕೋಚ ನಮ್ಮ ಹಳ್ಳಿಗಳ ಅನೇಕ ಕಲಾವಿದರಲ್ಲಿ ಇದೆ. ನೇಕಾರನು ನೇಯ್ದ ಸೀರೆಗೂ, ಕುಂಬಾರನು ಮಾಡಿದ ಮಡಕೆಗೂ ಬೆಲೆ ಕೇಳಲು ನಾಚುವುದಿಲ್ಲ. ಚಿತ್ರಕಾರನೂ ನಾಚಬೇಕಾಗಿಲ್ಲ. ಶಬರಿಕೊಳ್ಳದ ಕಲ್ಲು ಬಂಡೆಗಳನ್ನೋ ಸುರೇಬಾನದ ಸಂತೆಯನ್ನೋ ಚಿತ್ರಿಸಿದ ಕಲಾವಿದನ ಮನೆಯಲ್ಲಿ ಆ ಚಿತ್ರ ಧೂಳು ಹಿಡಿದು ಕುಳಿತರೆ, ಅದನ್ನು ನೋಡಬೇಕಾದವರು ನೋಡಲಿಲ್ಲ ಎಂಬ ನಷ್ಟವೂ ಸೇರುತ್ತದೆ.

ಅರ್ಜಿದಾರ ಕಲಾವಿದರ ಗಮನಕ್ಕೆ

1. ಗ್ಯಾಲರಿಗಳಲ್ಲಿ ಮುಖ್ಯವಾಗಿ ಎರಡು ವಿಧಗಳಿವೆ. ಬಾಡಿಗೆ ಪಡೆದು ಸಭಾಂಗಣ ನೀಡುವ ಗ್ಯಾಲರಿಯಲ್ಲಿ ಖರ್ಚು ಕಲಾವಿದನದು, ಮಾರಾಟದ ಹಣವೂ ಬಹುಮಟ್ಟಿಗೆ ಅವನದೇ. ಖಾಸಗಿ ವಾಣಿಜ್ಯ ಗ್ಯಾಲರಿಯು ತಾನೇ ಪ್ರದರ್ಶನ ಏರ್ಪಡಿಸಿ, ಮಾರಾಟವಾದ ಬೆಲೆಯಲ್ಲಿ ಕಮಿಷನ್ ಪಡೆಯುತ್ತದೆ. ಇದು ಸಾಮಾನ್ಯವಾಗಿ ಬೆಲೆಯ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇರುತ್ತದೆ. ಚಿತ್ರದ ಬೆಲೆ ನಿರ್ಧರಿಸುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

2. ಚಿತ್ರಗಳನ್ನು ಗ್ಯಾಲರಿಗೆ ಒಪ್ಪಿಸುವಾಗ ಶೀರ್ಷಿಕೆ, ಮಾಧ್ಯಮ, ಅಳತೆ, ರಚನೆಯ ವರ್ಷ ಮತ್ತು ಬೆಲೆಯನ್ನು ನಮೂದಿಸಿದ ಪಟ್ಟಿಯನ್ನು ಎರಡು ಪ್ರತಿಗಳಲ್ಲಿ ತಯಾರಿಸಿ, ಒಂದರ ಮೇಲೆ ಸ್ವೀಕೃತಿ ಸಹಿ ಪಡೆದುಕೊಳ್ಳುವುದು. ಕಮಿಷನ್ ಪ್ರಮಾಣ, ಹಣ ಪಾವತಿಯ ಅವಧಿ, ಮಾರಾಟವಾಗದ ಚಿತ್ರಗಳನ್ನು ಹಿಂದಿರುಗಿಸುವ ದಿನಾಂಕ, ಸಾಗಾಣಿಕೆಯಲ್ಲಿ ಹಾನಿಯಾದರೆ ಹೊಣೆ ಯಾರದು ಎಂಬುದನ್ನು ಬರವಣಿಗೆಯಲ್ಲಿ ಪಡೆಯುವುದು.

3. ಮಾರಾಟಕ್ಕೆ ಮುನ್ನ ಪ್ರತಿಯೊಂದು ಚಿತ್ರದ ಉತ್ತಮ ಛಾಯಾಚಿತ್ರವನ್ನು ತೆಗೆದು ಇಟ್ಟುಕೊಳ್ಳುವುದು. ಮುಂದಿನ ಅರ್ಜಿಗಳಿಗೆ ಇದು ಅಗತ್ಯವಾಗುತ್ತದೆ.

4. ಕೃತಿಸ್ವಾಮ್ಯ ಅಧಿನಿಯಮ 1957ರ ಪ್ರಕಾರ, ಚಿತ್ರವನ್ನು ಮಾರಿದ ಮಾತ್ರಕ್ಕೆ ಅದರ ಕೃತಿಸ್ವಾಮ್ಯವು ಕೊಂಡವರಿಗೆ ಹೋಗುವುದಿಲ್ಲ. ಅದನ್ನು ವರ್ಗಾಯಿಸಬೇಕಾದರೆ ಲಿಖಿತ ಒಪ್ಪಂದ ಬೇಕು. ಕಲಾವಿದನ ನಿಧನದ ನಂತರವೂ 60 ವರ್ಷ ಈ ಹಕ್ಕು ಇರುತ್ತದೆ. ಉದಾಹರಣೆಗೆ ಹೆಬ್ಬಾರರ ಕೃತಿಗಳ ವಿಷಯದಲ್ಲಿ ಇದು 2056ರ ಅಂತ್ಯದವರೆಗೆ ಇರುತ್ತದೆ.

5. ಸದರಿ ಅಧಿನಿಯಮದ 53ಎ ಪ್ರಕರಣದಂತೆ, ಮೂಲ ಚಿತ್ರವು 10,000 ರೂಪಾಯಿಗಿಂತ ಹೆಚ್ಚಿನ ಬೆಲೆಗೆ ಮರುಮಾರಾಟವಾದಲ್ಲಿ, ಕೃತಿಸ್ವಾಮ್ಯದ ಮೊದಲ ಒಡೆಯನಾಗಿದ್ದ ಕಲಾವಿದನಿಗೆ ಅಥವಾ ಅವನ ವಾರಸುದಾರರಿಗೆ ಬೆಲೆಯಲ್ಲಿ ಪಾಲು ಪಡೆಯುವ ಹಕ್ಕಿದೆ. ಈ ಪಾಲು ಶೇಕಡಾ 10ನ್ನು ಮೀರುವಂತಿಲ್ಲ. ಆದ್ದರಿಂದ ಮೊದಲ ಮಾರಾಟದ ರಶೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು.

6. ಪ್ರದರ್ಶನಕ್ಕೆ ಧನಸಹಾಯ ಕೋರುವವರು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹಾಗೂ ಕರ್ನಾಟಕ ಲಲಿತಕಲಾ ಅಕಾಡೆಮಿಯು ಹೊರಡಿಸುವ ಪ್ರಕಟಣೆಗಳನ್ನು ಗಮನಿಸಿ, ಅವುಗಳಲ್ಲಿ ತಿಳಿಸಿದ ಕೊನೆಯ ದಿನಾಂಕದೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಸಭಾಂಗಣ ದೊರೆಯಲು ಕಾಲ ಹಿಡಿಯುವುದರಿಂದ ಚಿತ್ರಗಳು ಪೂರ್ಣಗೊಳ್ಳುವವರೆಗೆ ಕಾಯದೆ ಮುಂಚಿತವಾಗಿ ಅರ್ಜಿ ಹಾಕುವುದು ಸೂಕ್ತ.

7. ಗ್ಯಾಲರಿಯ ನೆರವಿಲ್ಲದೆ ನೇರವಾಗಿ ಮಾರಾಟ ಮಾಡಬಯಸುವವರಿಗೆ ಕರ್ನಾಟಕ ಚಿತ್ರಕಲಾ ಪರಿಷತ್ತು ಬೆಂಗಳೂರಿನಲ್ಲಿ ಪ್ರತಿ ವರ್ಷ ಏರ್ಪಡಿಸುವ ಚಿತ್ರಸಂತೆಯು ಒಂದು ಅವಕಾಶವಾಗಿದೆ.

ಜೀವನದ ಮುಖ್ಯ ಘಟ್ಟಗಳು

1911 – ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಜನನ
1938 – ಸರ್ ಜೆ.ಜೆ. ಕಲಾಶಾಲೆಯ ಡಿಪ್ಲೊಮಾ
1940–45 – ಅದೇ ಶಾಲೆಯಲ್ಲಿ ಅಧ್ಯಾಪಕ ವೃತ್ತಿ
1949–50 – ಪ್ಯಾರಿಸ್‌ನಲ್ಲಿ ಅಭ್ಯಾಸ
1952 – ಜಹಾಂಗೀರ್ ಕಲಾ ಗ್ಯಾಲರಿಯ ಆರಂಭ
1961 – ಪದ್ಮಶ್ರೀ
1976 – ಮೈಸೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್
1989 – ಪದ್ಮಭೂಷಣ
1996 – ಮುಂಬಯಿಯಲ್ಲಿ ನಿಧನ